ಡೆವೆಂಟರಿನಲ್ಲಿ ಹುಟ್ಟಿದ ಸರ್

ಹೊರಡುವ ಮುನ್ನ, ದಾಂಡೇಲಿ

ನಾನು ಹಾಲೆಂಡಿಗೆ ಹೋಗುತ್ತೇನೆಂದು ಗೊತ್ತಾದ ದಿನದಿಂದ ನಮ್ಮ ಓಣಿಯವರು ಎರಡು ಮಾತು ಹೇಳತೊಡಗಿದರು. ಒಂದು, ಅಲ್ಲಿ ತಿನ್ನಲಿಕ್ಕೆ ಏನೂ ಸಿಗುವುದಿಲ್ಲ. ಎರಡು, ಅಲ್ಲಿ ಎಲ್ಲವೂ ಸಿಗುತ್ತದೆ, ಬರುವಾಗ ನಮಗೂ ಏನಾದರೂ ತಾ. ಎದುರುಮನೆಯ ಶಾಂತಕ್ಕ ಮಾತ್ರ ಮೂರನೆಯದನ್ನು ಕೇಳಿದರು. "ಹದಿನೈದು ದಿನ ನಿಮ್ಮ ಮನಿಯವರಿಗೆ ಅಡಗಿ ಯಾರು ಮಾಡ್ತಾರ್ರಿ?"

ನಾನು ಹೋಗುತ್ತಿದ್ದದ್ದು ಸಮಾಜಕಾರ್ಯ ಶಿಕ್ಷಣದಲ್ಲಿ ಸ್ತ್ರೀವಾದದ ಸ್ಥಾನ ಎಂಬ ವಿಷಯದ ಮೇಲೆ ಪಾಠ ಮಾಡಲಿಕ್ಕೆ. ಆದರೂ ಶಾಂತಕ್ಕನ ಪ್ರಶ್ನೆ ಬರುವ ಮೊದಲೇ ನಾಲ್ಕು ಡಬ್ಬಿ ಚಟ್ನಿಪುಡಿ ಕುಟ್ಟಿಟ್ಟಿದ್ದೆ. ಇದನ್ನು ಪಾಠದಲ್ಲಿ ಹೇಳಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

ತೊಂಬತ್ತರ ದಶಕದ ಕೊನೆಯ ಮಾತು ಇದು. ಹಳಿಯಾಳದ ಒಂದು ಸಣ್ಣ ಕಾಲೇಜಿನಲ್ಲಿ ನಾನು ಸಮಾಜಕಾರ್ಯ ಕಲಿಸುತ್ತಿದ್ದೆ. ಐದು ಜನ ಅಧ್ಯಾಪಕರಲ್ಲಿ ಹೆಂಗಸು ನಾನೊಬ್ಬಳೇ. ಓಣಿಯಲ್ಲಿ ಏಣಿ ಇದ್ದವರ ಮನೆಗೇ ಎಲ್ಲರೂ ಬರುವ ಹಾಗೆ, ಸ್ತ್ರೀವಾದಕ್ಕೆ ಸಂಬಂಧಿಸಿದ ಕೆಲಸವೆಲ್ಲ ನನ್ನ ಬಾಗಿಲಿಗೇ ಬರುತ್ತಿತ್ತು. ಎರಡು ವರ್ಷದ ಹಿಂದೆ ನಮ್ಮ ಕಡೆಯ ಹಳ್ಳಿಗಳನ್ನು ನೋಡಲು ಬಂದಿದ್ದ ಡಚ್ ಅಧ್ಯಾಪಕಿ ಮಾರೈಕೆ ನನ್ನನ್ನು ತಮ್ಮ ಊರು ಡೆವೆಂಟರಿಗೆ ಕರೆದಿದ್ದರು.

ಪೆಟ್ಟಿಗೆಯಲ್ಲಿ ಎರಡು ಡಜನ್ ಒಣಗಿಸಿದ ಜೋಳದ ಕಟಿರೊಟ್ಟಿ, ಶೇಂಗಾ ಚಟ್ನಿ, ಅವ್ವ ಹಾಕಿದ ಮಾವಿನಕಾಯಿ ಉಪ್ಪಿನಕಾಯಿಯ ಬಾಟಲಿ ಇಟ್ಟೆ. ಪಾಠಕ್ಕೆ ಇಪ್ಪತ್ತೆರಡು ಪ್ಲಾಸ್ಟಿಕ್ ಹಾಳೆ. ದೀಪದ ಯಂತ್ರದ ಮೇಲಿಟ್ಟರೆ ಗೋಡೆಯ ಮೇಲೆ ಅಕ್ಷರ ಮೂಡುವಂಥವು. ಕೈಚೀಲದಲ್ಲಿ ಸಾವಿತ್ರಿಯ ಪುಸ್ತಕವಿತ್ತು.

ಸಾವಿತ್ರಿ ನಮ್ಮ ಕೊನೆಯ ವರ್ಷದ ವಿದ್ಯಾರ್ಥಿನಿ. ಊರು ಜೋಯಿಡಾ ತಾಲೂಕಿನ ಕುಂಬಾರವಾಡ. ದಾಂಡೇಲಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಓದುತ್ತಿದ್ದಳು. ಅದು ಕಾಗದ ಗಿರಣಿಯ ಕ್ವಾರ್ಟರ್ಸು. ಚಿಕ್ಕಪ್ಪ ಆಗಸ್ಟಿನಲ್ಲಿ ನಿವೃತ್ತ. ಆಮೇಲೆ ಅವರು ಮನೆ ಬಿಟ್ಟು ಬೆಳಗಾವಿ ಕಡೆ ಹೋಗುವವರು, ಹಾಗಾಗಿ ಹುಡುಗಿ ಈ ಸಲವೇ ಪಾಸಾಗಬೇಕಿತ್ತು. ಕುಂಬಾರವಾಡದಿಂದ ದಿನಾ ಹಳಿಯಾಳಕ್ಕೆ ಬಂದು ಓದುತ್ತೇನೆಂದರೆ ಬಸ್ಸೇ ಒಪ್ಪುವುದಿಲ್ಲ.

ನಮ್ಮ ವಿದ್ಯಾರ್ಥಿಗಳು ವಾರಕ್ಕೆ ಎರಡು ದಿನ ಹಳ್ಳಿಗೆ ಹೋಗಿ, ಕಂಡದ್ದನ್ನು ಒಂದು ಪುಸ್ತಕದಲ್ಲಿ ಬರೆಯಬೇಕು. ಅದಕ್ಕೊಂದು ನಮೂನೆ ಇದೆ: ಉದ್ದೇಶ, ಅವಲೋಕನ, ಮಧ್ಯಪ್ರವೇಶ, ಫಲಿತಾಂಶ. ಸಾವಿತ್ರಿ ನಮೂನೆ ಬಿಟ್ಟು ಕತೆಯ ಹಾಗೆ ಬರೆದಿದ್ದಳು. ಪುಟಪುಟಕ್ಕೂ ಕೆಂಪು ಶಾಯಿ ಹಾಕಿ, ಕೊನೆಯ ಪುಟದಲ್ಲಿ "ಪೂರ್ತಿ ಪುನಃ ಬರೆಯಿರಿ, ಇಲ್ಲವಾದರೆ ಅನುತ್ತೀರ್ಣ" ಎಂದು ಬರೆದು, ಒಂದು ಶನಿವಾರ ಅವಳಿಗೆ ತೋರಿಸಿದ್ದೆ. ಹಳೆಯದನ್ನು ನೋಡಿ ಮತ್ತೆ ಹಾಗೇ ಬರೆದಾಳೆಂದು ಪುಸ್ತಕವನ್ನು ವಾಪಸ್ ಕೊಡಲೂ ಇಲ್ಲ. ವಿಮಾನದಲ್ಲಿ ಕೂತು ಆಂತರಿಕ ಅಂಕ ಹಾಕೋಣ ಎಂದುಕೊಂಡಿದ್ದೆ. ಆದರೆ ವಿಮಾನದಲ್ಲಿ ಊಟದ ತಟ್ಟೆಗಳ ಮೇಲಿನ ಬೆಳ್ಳಿಹಾಳೆ ಬಿಚ್ಚುವುದರಲ್ಲೇ ಹೊತ್ತು ಹೋಯಿತು.

ಡೆವೆಂಟರ್, ಮೊದಲ ಎರಡು ದಿನ

ಡೆವೆಂಟರ್ ಸಣ್ಣ ಊರು. ನಮಗೆ ಕಾಳಿ ಇದ್ದ ಹಾಗೆ ಅವರಿಗೆ ಐಸೆಲ್ ಎಂಬ ನದಿ. ಮಾರೈಕೆ ಐವತ್ತು ದಾಟಿದವರು. ಒಂದು ಬೆಕ್ಕನ್ನು ಇಟ್ಟುಕೊಂಡು ಒಂದು ಕಿರಿದಾದ ಮನೆಯಲ್ಲಿ ಇದ್ದರು. ಮೆಟ್ಟಿಲು ಎಷ್ಟು ಕಡಿದೆಂದರೆ, ನಮ್ಮಲ್ಲಿ ಅದಕ್ಕೆ ಅಟ್ಟದ ಏಣಿ ಎನ್ನುತ್ತೇವೆ. ಸೀರೆಯ ನಿರಿಗೆಯನ್ನು ಹಲ್ಲಲ್ಲಿ ಕಚ್ಚಿಕೊಂಡು ಹತ್ತುತ್ತಿದ್ದೆ. ಇಳಿಯುವಾಗ ಕೂತು ಇಳಿಯುತ್ತಿದ್ದೆ, ಬೆಕ್ಕು ಮೇಲಿಂದ ನೋಡುತ್ತಿತ್ತು.

ಸಂಜೆ ಆರಕ್ಕೆ ಊಟ. ಹೊರಗೆ ಬಿಸಿಲು ಕಣ್ಣಿಗೆ ಹೊಡೆಯುತ್ತಿರುವಾಗ ಊಟ ಮುಗಿಸಿ ಪಾತ್ರೆ ತೊಳೆದಿಡುತ್ತಾರೆ. ನಮ್ಮಲ್ಲಿ ಆ ಹೊತ್ತಿಗೆ ಚಹಾದ ಎರಡನೆಯ ಸುತ್ತು. ಮೇ ತಿಂಗಳಾದ್ದರಿಂದ ಕತ್ತಲಾಗುವುದೂ ಬಲು ತಡ. ಹೊತ್ತು ಮುಳುಗುವ ಮುನ್ನ ಮಲಗಿದರೆ ಮನೆಗೆ ದರಿದ್ರ ಎಂದು ಅವ್ವ ಹೇಳುತ್ತಿದ್ದಳು. ಆ ಲೆಕ್ಕದಲ್ಲಿ ಈ ದೇಶ ಇಷ್ಟು ಶ್ರೀಮಂತವಾದದ್ದು ಹೇಗೋ ನನಗೆ ತಿಳಿಯಲಿಲ್ಲ.

ಇನ್ನೊಂದು ಸೋಜಿಗ ಕಿಟಕಿ. ಮನೆಗಳ ಮುಂದಿನ ಕಿಟಕಿಗಳಿಗೆ ಪರದೆಯನ್ನೇ ಎಳೆಯುವುದಿಲ್ಲ. ಯಾರು ಕುರ್ಚಿಯಲ್ಲಿ ಕೂತಿದ್ದಾರೆ, ಯಾರು ಮಗುವಿಗೆ ತಿನ್ನಿಸುತ್ತಿದ್ದಾರೆ, ಎಲ್ಲ ರಸ್ತೆಗೇ ಕಾಣುತ್ತದೆ. ಒಂದು ಮನೆಯಲ್ಲಿ ಗಂಡಸೊಬ್ಬ ಇಸ್ತ್ರಿ ಮಾಡುತ್ತಿದ್ದ. ನೋಡುತ್ತ ನಿಂತುಬಿಟ್ಟೆ. ಅವನು ಕೈ ಬೀಸಿದ. ನಮ್ಮ ವಿದ್ಯಾರ್ಥಿಗಳು ಮೂರು ಸಲ ಮನೆಭೇಟಿ ಮಾಡಿ ಬರೆಯುವಷ್ಟು ವಿಷಯ ಒಂದೇ ಬೀದಿಯಲ್ಲಿ ಸಿಕ್ಕಿತ್ತು.

ಕಿಟಕಿ ತೆರೆದಿದೆ ಎಂದರೆ ಬಾಗಿಲೂ ತೆರೆದಿದೆ ಎಂದು ತಿಳಿದದ್ದು ನನ್ನ ತಪ್ಪು. ಎರಡನೆಯ ದಿನ ಒಂದು ತಟ್ಟೆಯಲ್ಲಿ ರೊಟ್ಟಿ, ಚಟ್ನಿ ಹಾಕಿಕೊಂಡು ಪಕ್ಕದ ಮನೆಯ ಅಜ್ಜಿಯ ಗಂಟೆ ಒತ್ತಿದೆ. ಬಾಗಿಲು ತೆರೆದ ಅಜ್ಜಿ ನನ್ನ ಮುಖ ನೋಡಿ ಬಿಳಿಚಿಕೊಂಡರು.

"ಮಾರೈಕೆಗೆ ಏನಾಯಿತು?"

"ಏನೂ ಆಗಿಲ್ಲ. ಸುಮ್ಮನೆ ಬಂದೆ."

ಸುಮ್ಮನೆ ಬರುವುದು ಎಂದರೇನು ಎಂಬುದನ್ನು ಅವರಿಗೆ ತಿಳಿಸಲಿಕ್ಕೆ ಬಹಳ ಹೊತ್ತು ಹಿಡಿಯಿತು. ಆಮೇಲೆ ಒಳಗೆ ಹೋಗಿ ಒಂದು ಡೈರಿ ತಂದು, ಗುರುವಾರ ಹತ್ತೂವರೆಗೆ ಬಾ ಎಂದು ಬರೆದುಕೊಂಡರು. ಇಪ್ಪತ್ತು ವರ್ಷದಿಂದ ಹೇಳದೆ ಕೇಳದೆ ಬಡವರ ಮನೆಗಳಿಗೆ ನುಗ್ಗಿ "ಎಷ್ಟು ಮಕ್ಕಳು, ಯಾವ ರೋಗ" ಎಂದು ಕೇಳುತ್ತ ಬಂದವಳಿಗೆ ಮೊದಲ ಬಾರಿ ಬಾಗಿಲಲ್ಲಿ ನಿಲ್ಲಿಸಿಕೊಂಡ ಅನುಭವ. ಗುರುವಾರ ನಾನು ಹೋದದ್ದು ಹತ್ತೂ ಮುಕ್ಕಾಲಿಗೆ. ಅಷ್ಟರಲ್ಲಿ ಕಾಫಿ ಆರಿತ್ತು, ರೊಟ್ಟಿಯನ್ನು ಮಾತ್ರ ಅಜ್ಜಿ ಪೂರ್ತಿ ತಿಂದಿದ್ದರು.

ಮಂಗಳವಾರದ ತರಗತಿ

ಪಾಠದ ದಿನ ಹಾಳೆಗಳ ಕಟ್ಟು ಬಿಚ್ಚಿದೆ. ಇಪ್ಪತ್ತೆರಡೂ ಒಂದಕ್ಕೊಂದು ಅಂಟಿಕೊಂಡಿದ್ದವು. ಅವ್ವನ ಉಪ್ಪಿನಕಾಯಿ ಮೋಡದ ಮೇಲೆ ಎಲ್ಲೋ ಬಾಟಲಿಯ ಮುಚ್ಚಳ ತಳ್ಳಿ ಹೊರಗೆ ಬಂದಿತ್ತು. ಎಣ್ಣೆ ಪೆಟ್ಟಿಗೆಯ ಉಳಿದ ಎಲ್ಲವನ್ನೂ ಬಿಟ್ಟು ಸ್ತ್ರೀವಾದದ ಮೇಲೆಯೇ ಹರಿದಿತ್ತು.

ಇದ್ದದ್ದರಲ್ಲಿ ಚಂದ ಇದ್ದ ಒಂದನ್ನು ಯಂತ್ರದ ಮೇಲಿಟ್ಟೆ. ಗೋಡೆಯ ಮೇಲೆ ಒಂದು ದೊಡ್ಡ ಹಳದಿ ಕೆರೆ ಮೂಡಿತು. ಪಿತೃಪ್ರಧಾನತೆ ಎಂಬ ಪದದ ಮೇಲೆ ಸಾಸಿವೆ ಕಾಳೊಂದು ತೆಂಗಿನಕಾಯಿಯಷ್ಟು ಗಾತ್ರವಾಗಿ ಕೂತಿತ್ತು. ಇಪ್ಪತ್ತು ಜನ ವಿದ್ಯಾರ್ಥಿಗಳು ಗಂಭೀರವಾಗಿ ಅದನ್ನು ನೋಡಿದರು. ಬಾಗಿಲಷ್ಟೆತ್ತರದ ಯೋಸ್ಟ್ ಎಂಬ ಹುಡುಗ ಕೈಯೆತ್ತಿ, "ಇದು ಸಂಕೇತವೇ?" ಎಂದು ಕೇಳಿದ.

"ಇಲ್ಲ, ಉಪ್ಪಿನಕಾಯಿ" ಅಂದೆ.

ಮಾರೈಕೆ ನಕ್ಕು, ಹಾಳೆ ಬಿಡಿ, ನಿಮ್ಮ ವಿದ್ಯಾರ್ಥಿಗಳು ಬರೆದದ್ದು ಏನಾದರೂ ಇದ್ದರೆ ಓದಿ ಹೇಳಿ ಅಂದರು. ಕೈಚೀಲದಲ್ಲಿ ಇದ್ದದ್ದು ಒಂದೇ. ಬೇರೆ ದಾರಿ ಇಲ್ಲದೆ ಸಾವಿತ್ರಿಯ ಪುಸ್ತಕ ತೆಗೆದು, ಮುಂಡಗೋಡ ಕಡೆಯ ಒಂದು ಹಳ್ಳಿಯಲ್ಲಿ ಅವಳು ಕಳೆದ ದಿನದ ಪುಟವನ್ನು ಇಂಗ್ಲಿಷಿಗೆ ಮಾಡುತ್ತ ಓದಿದೆ. ಅವಳು ಬರೆದದ್ದು ಹೀಗಿತ್ತು:

"ಇವತ್ತು ಗಂಗವ್ವನ ಅಂಗಳಕ್ಕೆ ಮಹಿಳೆಯರ ಆರೋಗ್ಯದ ಬಗ್ಗೆ ತಿಳಿವಳಿಕೆ ಕೊಡಲು ಹೋದೆ. ಐದು ಮಂದಿ ಭತ್ತ ಕೇರುತ್ತಿದ್ದರು. ಯಾರೂ ಕೈ ನಿಲ್ಲಿಸಲಿಲ್ಲ. ನಿಂತು ನಿಂತು ನನ್ನ ಕಾಲು ನೋಯಿತು. ನಾನೂ ಒಂದು ಮೊರ ತೆಗೆದುಕೊಂಡೆ. 'ಏ ಹುಡುಗಿ, ಭತ್ತ ಕೇರಾಕತ್ತಿಯೋ ಕೋಳಿ ಓಡಸಾಕತ್ತಿಯೋ' ಎಂದಳು ಗಂಗವ್ವ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಅವಳೇ ತನ್ನ ಮೊಣಕಾಲು ನೋವಿನ ಮಾತು ತೆಗೆದಳು. ಇನ್ನೊಬ್ಬಳು ಬಾಣಂತನದಲ್ಲಿ ಹಿಡಿದ ಸೊಂಟ ಇನ್ನೂ ಬಿಟ್ಟಿಲ್ಲ ಎಂದಳು. ಹೊತ್ತು ಇಳಿಯುವ ತನಕ ಕೇಳಿದೆ. ನಾನು ಆರೋಗ್ಯದ ಬಗ್ಗೆ ಒಂದು ಮಾತೂ ಹೇಳಲಿಲ್ಲ."

ಇನ್ನೊಂದು ಪುಟದಲ್ಲಿ, ಕುಟುಂಬದ ಮುಖ್ಯಸ್ಥರು ಯಾರು ಎಂಬ ಅಂಕಣದಲ್ಲಿ ಮೂರು ಹೆಸರಿದ್ದವು. ಕೆಳಗೆ ವಿವರಣೆ: "ಗಂಗವ್ವ ಹೇಳಿದ್ದು: ಬೆಳಿಗ್ಗೆ ನಮ್ಮತ್ತಿ, ಮಧ್ಯಾಹ್ನ ನಾ, ಸಂಜಿಗೆ ಮನಿಗೆ ಬಂದಮ್ಯಾಲ ಅಂವಾ."

ತರಗತಿ ಗೊಳ್ಳೆಂದು ನಕ್ಕಿತು, ಆಮೇಲೆ ಚಪ್ಪಾಳೆ ತಟ್ಟಿತು. ನನಗೂ ಹಿಗ್ಗಾಯಿತು. ಯಾರೂ ಮಾಡದ ಕೆಲಸ ನಮ್ಮ ಹುಡುಗಿ ಮಾಡಿದ್ದಾಳೆ ಎಂದು ಕತ್ತು ಉದ್ದ ಮಾಡಿ ನಿಂತೆ.

ಮುಂದಿನ ಸಾಲಿನಲ್ಲಿ ಹೆನ್ನಿ ಎಂಬ ಹೆಂಗಸು ಕೂತಿದ್ದರು. ನಲವತ್ತೈದರ ಹತ್ತಿರದವರು, ಮೂರು ಮಕ್ಕಳನ್ನು ಬೆಳೆಸಿ ಈಗ ಮತ್ತೆ ಕಾಲೇಜಿಗೆ ಬಂದವರು. ಪುಸ್ತಕ ಕೊಡಿ, ಅಕ್ಷರ ನೋಡುತ್ತೇನೆ ಅಂದರು. ಕೊಟ್ಟೆ. ಕನ್ನಡ ಬಾರದವರಿಗೂ ಕೆಂಪು ಶಾಯಿ ಓದಲಿಕ್ಕೆ ಬರುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ.

"ಇಲ್ಲಿ ಕೆಂಪಿನಲ್ಲಿ ಏನು ಬರೆದಿದೆ?"

ಓದಿದೆ. "ಉದ್ದೇಶ ಈಡೇರಿಲ್ಲ. ಕಾರ್ಯಕರ್ತೆಯು ಕ್ಷೇತ್ರದಲ್ಲಿ ಭತ್ತ ಕೇರತಕ್ಕದ್ದಲ್ಲ."

"ಮೂರು ಹೆಸರಿನ ಪಕ್ಕದಲ್ಲಿ?"

"ಒಂದೇ ಹೆಸರು ಬರೆಯಿರಿ."

ಯೋಸ್ಟ್ ಕೇಳಿದ, "ಈ ಕೆಂಪು ಶಾಯಿ ಯಾರದು?"

ಸತ್ಯ ಹೇಳಲಿಕ್ಕೆ ಒಂದು ಉಸಿರು ಸಾಕಿತ್ತು. ಆದರೆ ನನ್ನ ಹಿಂದೆ ಗೋಡೆಯ ಮೇಲೆ ನನ್ನ ಹೆಸರು, ಅದರ ಕೆಳಗೆ ಸ್ತ್ರೀವಾದ, ಅದರ ಕೆಳಗೆ ಸಾಸಿವೆ ಕಾಳು ಹೊತ್ತ ಪಿತೃಪ್ರಧಾನತೆ.

"ನಮ್ಮ ಕಾಲೇಜಿನ ಹಿರಿಯ ಸರ್ ಒಬ್ಬರದು" ಅಂದುಬಿಟ್ಟೆ.

ಸರ್ ಬೆಳೆದದ್ದು

ಸರ್ ಆ ಕ್ಷಣದಲ್ಲಿ ಹುಟ್ಟಿದರು. ಮರುದಿನದ ಹೊತ್ತಿಗೆ ಅವರಿಗೆ ಮೀಸೆ ಬಂದಿತ್ತು. ಎಲ್ಲರಿಗೂ ಅವರ ಬಗ್ಗೆ ತಿಳಿಯಬೇಕಾಗಿತ್ತು. ವಯಸ್ಸೆಷ್ಟು? ಐವತ್ತೆಂಟು. ಹಳ್ಳಿಗೆ ಹೋಗುತ್ತಾರೆಯೇ? ಮೊದಲು ಹೋಗುತ್ತಿದ್ದರು, ಈಗ ಮೊಣಕಾಲು ನೋವು. ಮೊಣಕಾಲನ್ನು ಗಂಗವ್ವನಿಂದ ಕಡ ತಂದೆ. ಮನೆಯಲ್ಲಿ ಅಡುಗೆ ಮಾಡುತ್ತಾರೆಯೇ? ಚಹಾ ಮಾಡುತ್ತಾರೆ ಅಂದೆ. ಅದು ನಮ್ಮ ಮನೆಯವರದು.

ನಾನು ತಂದ ಪಾಠ ಯಾರಿಗೂ ಬೇಡವಾಯಿತು. ಊಟದ ಬಿಡುವಿನಲ್ಲಿ ಬ್ರೆಡ್ಡಿನ ಮೇಲೆ ಬೆಣ್ಣೆ, ಅದರ ಮೇಲೆ ಚಾಕೊಲೇಟ್ ಚೂರು ಉದುರಿಸಿಕೊಂಡು ತಿನ್ನುತ್ತ ಸರ್ ಮೇಲೆಯೇ ಚರ್ಚೆ. ಅವರಿಗೆ ಹುಡುಗಿಯ ನಗು ಕಂಡರೆ ಹೆದರಿಕೆ ಎಂದಳು ಒಬ್ಬಳು. ಅವರು ಹಳ್ಳಿಯ ಹೆಂಗಸರ ಮಾತನ್ನು ಜ್ಞಾನ ಎಂದು ಒಪ್ಪುವುದಿಲ್ಲ ಎಂದಳು ಮತ್ತೊಬ್ಬಳು. ಗಂಡಸಾದ ತಾನೂ ಮುಂದೆ ಹೀಗೇ ಆಗಿಬಿಟ್ಟರೆ ಎಂದು ಯೋಸ್ಟ್‌ಗೆ ನಿಜವಾದ ಚಿಂತೆ ಹತ್ತಿತು. ನನ್ನನ್ನು ಎದುರಿಗೆ ಕೂರಿಸಿಕೊಂಡು ನನ್ನನ್ನೇ ಬೈಯುವುದನ್ನು, ನಡುನಡುವೆ ತಲೆಯಾಡಿಸುತ್ತ ಕೇಳುವುದು ಎಂಥ ಕಷ್ಟ ಎಂದು ಅನುಭವಿಸಿದವರಿಗೇ ಗೊತ್ತು.

ಶುಕ್ರವಾರ ತಡೆಯಲಾಗಲಿಲ್ಲ. ಸರ್ ಪರವಾಗಿ ವಾದಕ್ಕೆ ನಿಂತೆ. "ನೀವು ತಿಳಿದಷ್ಟು ಕೆಟ್ಟವರಲ್ಲ ಅವರು. ಹೊರಗಿನಿಂದ ಪರೀಕ್ಷಕರು ಬರುತ್ತಾರೆ. ನಮೂನೆ ತಪ್ಪಿದರೆ ಹುಡುಗಿ ನಪಾಸು. ಅವಳನ್ನು ಉಳಿಸಲಿಕ್ಕೆ ತಿದ್ದಿದ್ದಾರೆ. ಅವರಿಗೆ ಇದು ಚೆನ್ನಾಗಿ ಗೊತ್ತು. ಓದುವಾಗ ಅವರೂ ಹೀಗೇ ಬರೆದಿದ್ದರು. ಒಬ್ಬ ಬಾಣಂತಿಯ ಮನೆಯಲ್ಲಿ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ನೀರು ಹಾಕಿದ್ದನ್ನು ಬರೆದಿದ್ದರು. ಅದನ್ನೆಲ್ಲ ಹೊಡೆದುಹಾಕಿ, ಇದು ಸಮಾಜಕಾರ್ಯವಲ್ಲ, ಸೂಲಗಿತ್ತಿಯ ಕೆಲಸ ಎಂದು ಬರೆದರು ಅವರ ಗುರುಗಳು. ಮೂರು ಸಲ ತಿದ್ದಿ ಬರೆಸಿದರು. ಅಂದಿನಿಂದ ಅವರು ಹಾಗೆ ಬರೆಯುವುದನ್ನು ಬಿಟ್ಟರು."

"ಆಮೇಲೆ ಅತ್ತರೇ?" ಎಂದು ಹೆನ್ನಿ ಕೇಳಿದರು.

"ಬಸ್ಸಿನಲ್ಲಿ" ಅಂದೆ. "ಹಳಿಯಾಳ ದಾಟಿ ದಾಂಡೇಲಿ ಬರುವ ತನಕ."

ಹೆನ್ನಿ ನನ್ನತ್ತ ಸ್ವಲ್ಪ ಹೊತ್ತು ನೋಡಿ, ನೀರಿನ ಲೋಟ ಮುಂದೆ ಸರಿಸಿದರು.

ಐಸೆಲ್ ದಾಟಿ, ಭಾನುವಾರ

ಭಾನುವಾರ ಹೆನ್ನಿ ನನ್ನನ್ನು ನದಿಯಾಚೆಗೆ ಕರೆದೊಯ್ದರು. ಒಂದು ಪುಟ್ಟ ದೋಣಿ ಜನರನ್ನೂ ಸೈಕಲ್ಲುಗಳನ್ನೂ ಆಚೆ ದಡಕ್ಕೆ ಮುಟ್ಟಿಸುತ್ತದೆ. ನಮ್ಮ ದಾಂಡೇಲಿಯ ಕೋಗಿಲಬನದ ಹತ್ತಿರ ಕಾಳಿ ದಾಟುವಾಗ ಮೊಸಳೆಯ ಮಾತು ಬರದೆ ಇರುವುದಿಲ್ಲ. ಇಲ್ಲಿ ಏನಿದೆ ಎಂದು ಕೇಳಿದೆ. ಬಾತುಕೋಳಿ ಇವೆ ಅಂದರು. ಇಷ್ಟು ನಿರಾತಂಕದ ನದಿಯನ್ನು ನಾನು ನೋಡಿರಲಿಲ್ಲ.

ಆಚೆ ಹುಲ್ಲಿನ ಮೇಲೆ ಕೂತು ಹೆನ್ನಿ ತಮ್ಮ ಕ್ಷೇತ್ರಕಾರ್ಯದ ಮಾತು ಹೇಳಿದರು. ವಾರಕ್ಕೆ ಮೂರು ದಿನ ಒಂದು ಮಹಿಳಾ ಆಶ್ರಯಧಾಮದಲ್ಲಿ ಕೆಲಸ. ಬರೆದ ವರದಿಯನ್ನು, ಅದು ಯಾರ ಬಗ್ಗೆಯೋ ಅವರಿಗೇ ಮೊದಲು ಓದಿ ಹೇಳಬೇಕಂತೆ.

"ಒಬ್ಬಳಿಗೆ ಓದಿದೆ. ಅವಳು, 'ಇದರಲ್ಲಿ ನನ್ನ ಗೋಳೆಲ್ಲ ಇದೆ, ನಾನು ನಿನಗೆ ಹೇಳಿದ ಜೋಕು ಎಲ್ಲಿ?' ಎಂದಳು. ಆ ಜೋಕನ್ನು ಸೇರಿಸಿ ಮತ್ತೆ ಬರೆದೆ."

"ನಿಮ್ಮ ಮಾಸ್ತರರು ಒಪ್ಪಿದರೇ?"

"ಮೊದಲು ಇಲ್ಲ. ಜಗಳ ಆಡಿದೆ. ಮೂರು ಮಕ್ಕಳ ತಾಯಿಗೆ ಜಗಳ ಅಂದರೆ ಏನು ಹೆದರಿಕೆ?"

ನಮ್ಮಲ್ಲಿ ಗಂಗವ್ವನ ಬಗ್ಗೆ ಬರೆದದ್ದನ್ನು ನಾನು ಓದುತ್ತೇನೆ, ಪರೀಕ್ಷಕರು ಓದುತ್ತಾರೆ, ಆಮೇಲೆ ಕಪಾಟಿನಲ್ಲಿ ಗೆದ್ದಲು ಓದುತ್ತದೆ. ಗಂಗವ್ವನಿಗೆ ಓದಿ ಹೇಳಬೇಕು ಎಂದು ನನಗೆ ಒಂದು ದಿನವೂ ಅನಿಸಿರಲಿಲ್ಲ. ಮಹಿಳೆ ಮತ್ತು ಸಮಾಜಕಾರ್ಯ ಎಂಬ ಪಾಠವನ್ನು ಹನ್ನೊಂದು ವರ್ಷ ಮಾಡಿದ್ದೇನೆ, ಹೆಂಗಸರ ಮಾತಿಗೆ ಬೆಲೆ ಕೊಡಬೇಕು ಎಂದು ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆದಿದ್ದೇನೆ. ಅದೇ ಮಧ್ಯಾಹ್ನ ಅದೇ ಕೈಯಿಂದ ಅವರ ಮಾತುಗಳನ್ನು ಹೊಡೆದುಹಾಕಿದ್ದೇನೆ. ನಾಚಿಕೆಯಾಯಿತು. ಆಗಲೇ ಹೆನ್ನಿಗೆ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ದೋಣಿಯ ಗಂಟೆ ಹೊಡೆಯಿತು, ಇನ್ನೊಂದು ದೋಣಿ ಇತ್ತು ಎಂಬುದು ಗೊತ್ತಿದ್ದರೂ ಎದ್ದುಬಿಟ್ಟೆ.

ಕೊನೆಯ ದಿನ

ಬೀಳ್ಕೊಡುಗೆಯ ದಿನ ಹೇಳಿಯೇ ತೀರಬೇಕೆಂದು ಮೆಟ್ಟಿಲು ಇಳಿಯುವಾಗಲೇ ಮಾತು ಜೋಡಿಸಿಕೊಂಡೆ. ತರಗತಿಗೆ ಹೋದರೆ ಮೇಜಿನ ಮೇಲೆ ಎರಡು ಉಡುಗೊರೆ. ನನಗೆ ಒಂದು ಕೊಡೆ. ಸರ್‌ಗೆ ಆ ಊರಿನ ಪ್ರಸಿದ್ಧ ಜೇನು ಕೇಕು, ಜೊತೆಗೆ ಎಲ್ಲರೂ ಸಹಿ ಹಾಕಿದ ಒಂದು ಪತ್ರ. ಬಯ್ಗುಳ ಇರಬಹುದೆಂದು ಹೆದರಿ ಓದಿದೆ. ಹೀಗಿತ್ತು:

"ಮಾನ್ಯ ಸರ್, ನಿಮ್ಮ ವಿದ್ಯಾರ್ಥಿನಿಯ ಪುಟ ನಮಗೆ ಬಹಳ ಹಿಡಿಸಿತು. ಅವಳನ್ನು ದಯವಿಟ್ಟು ನಪಾಸು ಮಾಡಬೇಡಿ. ನೀವು ಓದುವಾಗ ಬರೆದ ಕೂಸಿನ ಪುಟವನ್ನೂ ನಾವು ಓದಬೇಕು. ನಿಮ್ಮ ಗುರುಗಳು ಅದನ್ನು ಹೊಡೆದುಹಾಕಬಾರದಿತ್ತು."

ಪತ್ರವನ್ನು ಮಡಿಸಿ, ಜೋಡಿಸಿಕೊಂಡು ಬಂದ ಮಾತನ್ನೂ ಅದರೊಳಗೇ ಇಟ್ಟುಬಿಟ್ಟೆ. ಸರ್‌ಗೆ ಮುಟ್ಟಿಸುತ್ತೇನೆ ಎಂದೆ. ಯೋಸ್ಟ್ ಕೇಕನ್ನು ತಾನೇ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಟ್ಟ, ಉಪ್ಪಿನಕಾಯಿಯ ನೆನಪಿನಿಂದ ಇರಬೇಕು. ಕೇಕನ್ನು ಆಮ್‌ಸ್ಟರ್‌ಡ್ಯಾಮಿನ ವಿಮಾನ ನಿಲ್ದಾಣದಲ್ಲಿ ಕೂತು ನಾನೇ ಅರ್ಧ ತಿಂದೆ. ಚೆನ್ನಾಗಿತ್ತು.

ಮರಳಿ, ಹಳಿಯಾಳ

ಊರಿಗೆ ಬಂದ ಮೂರನೆಯ ದಿನ ಮೌಖಿಕ ಪರೀಕ್ಷೆ. ಅದರ ಹಿಂದಿನ ದಿನ ಸಾವಿತ್ರಿ ಹೊಸ ಪುಸ್ತಕ ಹಿಡಿದು ದಾಂಡೇಲಿಯ ನಮ್ಮ ಮನೆಗೆ ಬಂದಳು.

"ನೀವು ಹೇಳಿದಂಗ ಎಲ್ಲಾ ತೆಗದೇನ್ರಿ ಮೇಡಂ. ಸಹಿ ಮಾಡ್ರಿ."

ತಿರುವಿ ನೋಡಿದೆ. ಉದ್ದೇಶ, ಅವಲೋಕನ, ಮಧ್ಯಪ್ರವೇಶ, ಫಲಿತಾಂಶ. "ಐವರು ಮಹಿಳೆಯರಿಗೆ ಆರೋಗ್ಯದ ತಿಳಿವಳಿಕೆ ನೀಡಲಾಯಿತು." ಮುಖ್ಯಸ್ಥರು: ಗಂಗವ್ವನ ಗಂಡ ಬಾಬು. ನಾನು ಕೇಳಿದ್ದನ್ನೇ ಕೊಟ್ಟಿದ್ದಳು. ಯಾವ ಊರಿನ ಯಾವ ಗಂಗವ್ವನಿಗಾದರೂ ಹೊಂದುವಂತಿತ್ತು.

ವಿದೇಶದಿಂದ ಬಂದ ಹುಮ್ಮಸ್ಸು ನನಗೆ. ಹಳೆಯ ಪುಸ್ತಕ ತೆಗೆದು ಅವಳ ಮುಂದಿಟ್ಟೆ. "ಇದು ಬ್ಯಾಡ. ನಾಳೆ ನೀ ಇದನ್ನ ಇಡು. ಇದ ಖರೇ ಸಮಾಜಕಾರ್ಯ. ನಾ ನಿನ್ನ ಬೆನ್ನಿಗಿರ್ತೇನಿ."

ಅವಳು ಅದನ್ನು ಮುಟ್ಟಲಿಲ್ಲ. "ಮೇಡಂ, ಹೋದ ತಿಂಗಳು ಇದಕ್ಕ ನಪಾಸ್ ಅಂದ್ರಿ. ಈ ತಿಂಗಳು ಇದ ಬೇಕು ಅಂತೀರಿ. ಪಾಸ್ ಆಗಬೇಕಾದಾಕಿ ನಾ ಅದೇನ್ರಿ. ನಿಮ್ಮ ಹೊಸಾ ವಿಚಾರ ನನ್ನ ವರ್ಷದ ಮ್ಯಾಲ ಪರೀಕ್ಷಾ ಮಾಡಬ್ಯಾಡ್ರಿ."

ಕೋಪ ಬಂತು, ಸುಳ್ಳು ಹೇಳುವುದಿಲ್ಲ. ಒಂದು ಸ್ತ್ರೀವಾದವನ್ನು ಇಷ್ಟು ದೂರದಿಂದ ಹೊತ್ತು ತಂದಿದ್ದೇನೆ, ಹುಡುಗಿ ಬೇಡ ಅನ್ನುತ್ತಾಳೆ. ಆದರೆ ಅವಳ ಪರವಾಗಿ ಎರಡನೆಯ ಸಲವೂ ನಾನೇ ತೀರ್ಮಾನ ಮಾಡಲು ಹೊರಟಿದ್ದೆ, ಅವಳನ್ನು ಕೇಳಿರಲಿಲ್ಲ. ಹೊಸ ಪುಸ್ತಕಕ್ಕೆ ಸಹಿ ಹಾಕಿದೆ. ಹಳೆಯದನ್ನು ಕೊಡ್ರಿ, ಅದು ನಂದು ಅಂದಳು. ಕೊಟ್ಟೆ.

ಮರುದಿನ ಬಂದ ಪರೀಕ್ಷಕರು ಅರವತ್ತರ ಹತ್ತಿರದವರು, ನಮೂನೆಯ ವಿಷಯದಲ್ಲಿ ಬಹಳ ಬಿಗಿ ಎಂದು ಹೆಸರಾದವರು. ನಾನು ಅವರ ಪಕ್ಕದಲ್ಲಿ, ಸಾವಿತ್ರಿ ಎದುರಿಗೆ. ಪುಸ್ತಕ ತಿರುವಿ, "ಅಚ್ಚುಕಟ್ಟಾಗೇತಿ" ಎಂದರು. ನನಗೆ ಉಸಿರು ಬಂತು. ಸುಮ್ಮನೆ ಕೇಳುವ ಹಾಗೆ ಕೇಳಿದರು, "ಈ ಗಂಗವ್ವನ ಮನ್ಯಾಗ ಮುಖ್ಯಸ್ಥರು ಯಾರವಾ?"

ಪುಸ್ತಕದಲ್ಲಿರುವ ಒಂದು ಹೆಸರು ಹೇಳಿದರೆ ಮುಗಿಯಿತು. ಸಾವಿತ್ರಿ ತಲೆ ಎತ್ತಿದಳು.

"ಪುಸ್ತಕದಾಗ ಒಬ್ಬಾಂವ ಅದಾನ್ರಿ ಸರ್. ಮನ್ಯಾಗ ಮೂರು ಮಂದಿ ಅದಾರ್ರಿ."

"ಹಂಗಂದ್ರ?"

"ಬೆಳಿಗ್ಗೆ ಅತ್ತಿ, ಮಧ್ಯಾಹ್ನ ಗಂಗವ್ವ, ಸಂಜಿಗೆ ಗಂಡ. ಆಕಿ ಹೇಳಿದ್ದು ಹಂಗ್ರಿ. ಒಂದು ಹೆಸರು ಬರದ್ರ ಆಕಿ ಹೇಳಿದ್ದು ಸುಳ್ಳಾಗತೈತ್ರಿ." ತಾನೇ ಚೀಲದಿಂದ ಹಳೆಯ ಪುಸ್ತಕ ತೆಗೆದು ಮುಂದಿಟ್ಟಳು.

ಪರೀಕ್ಷಕರು ಕನ್ನಡಕ ಏರಿಸಿ ಓದತೊಡಗಿದರು. ಪುಟ ತಿರುವಿದರು, ಹಿಂದಕ್ಕೆ ಬಂದರು, ಮತ್ತೆ ತಿರುವಿದರು. ನನ್ನ ಕಣ್ಣ ಮುಂದೆ ಗಿರಣಿಯ ಕ್ವಾರ್ಟರ್ಸು, ಆಗಸ್ಟು, ಕುಂಬಾರವಾಡದ ಬಸ್ಸು. ಕೊನೆಗೆ ಅವರು ನನ್ನ ಕಡೆ ತಿರುಗಿದರು.

"ಈ ಕೆಂಪು ಶಾಯಿ ಯಾರದ್ರಿ ಮೇಡಂ?"

ಈ ಸಲ ಯಾವ ಸರ್ ಕೂಡ ಸಹಾಯಕ್ಕೆ ಬರಲಿಲ್ಲ. "ನಂದ್ರಿ. ಎರಡು ಹೆಸರು ಹೊಡಸಿದಾಕಿ ನಾನ. ಹುಡುಗಿ ಸರಿಯಾಗೇ ಬರದಿದ್ದಳ್ರಿ."

ಅವರು ನನ್ನನ್ನೂ ಶಾಯಿಯನ್ನೂ ನೋಡಿದರು. ನಮೂನೆ ಇರೂದು ಸುಮ್ಮನ ಅಲ್ಲ ಎಂದು ಇಬ್ಬರಿಗೂ ಒಂದು ಸಣ್ಣ ಉಪದೇಶ ಮಾಡಿದರು. ಮತ್ತೆ ಭತ್ತದ ಪುಟಕ್ಕೆ ಹೋಗಿ ಸಾವಿತ್ರಿಯನ್ನು ಕೇಳಿದರು, "ಕಡೀಕ ಕೇರೂದು ಕಲತೋ ಇಲ್ಲೋ?"

"ಇನ್ನೂ ಇಲ್ರಿ ಸರ್. ಹೊಟ್ಟಿನ ಜೋಡಿ ಕಾಳು ಸೈತ ನೆಲಕ್ಕ ಬೀಳತೈತ್ರಿ."

ಅವರು ನಕ್ಕರು. ಅಂಕ ಬರೆದರು. ಬಹಳ ಅಲ್ಲ, ಆದರೆ ಪಾಸು.

ಹೊರಗೆ ಬಂದು ಕಾಲೇಜಿನ ಮೆಟ್ಟಿಲ ಮೇಲೆ ಕೂತೆವು. ಡೆವೆಂಟರಿನ ಪತ್ರ ತೆಗೆದು ಕನ್ನಡದಲ್ಲಿ ಓದಿ ಹೇಳಿದೆ. ಅವಳ ಪುಟ ಅಷ್ಟು ದೂರ ಹೋಗಿ ಬಂದದ್ದು ಕೇಳಿ ಕಣ್ಣರಳಿಸಿದಳು. "ಈ ಸರ್ ಯಾರ್ರಿ? ನಮ್ಮ ಕಾಲೇಜಿನ್ಯಾಗ ಇಂಥಾವ್ರು ಯಾರೂ ಇಲ್ಲಲ್ರಿ?"

"ನಾನ" ಎಂದೆ. ಇದ್ದದ್ದೆಲ್ಲ ಹೇಳಿದೆ. ಮೀಸೆಯ ಮಾತು ಬಂದಾಗ ಅವಳು ನಗು ತಡೆಯಲಾಗದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕೇಕು ತಿಂದದ್ದನ್ನು ಹೇಳಿದಾಗ ಮತ್ತೂ ನಕ್ಕಳು. ನಾನೂ ನಕ್ಕೆ. ಆಮೇಲೆ ಪತ್ರವನ್ನು ಕೈಗೆ ತೆಗೆದುಕೊಂಡು ಕೇಳಿದಳು.

"ಆ ಬಸ್ಸಿನ್ಯಾಗ ಅತ್ತದ್ದೂ ನೀವ ಏನ್ರಿ?"

"ಹೌದು. ಹಳಿಯಾಳದಿಂದ ದಾಂಡೇಲಿ ತನಕ."

ಸಾವಿತ್ರಿ ಪತ್ರವನ್ನು ಇದ್ದ ಮಡಿಕೆಯಲ್ಲೇ ಮಡಿಸಿ ನನ್ನ ಕೈಗಿಟ್ಟಳು.

"ಅದು ಸಣ್ಣ ದಾರಿ ಆತ್ರಿ ಮೇಡಂ. ನೀವು ಕೆಂಪು ಶಾಯಿ ತೋರಿಸಿದ ಶನಿವಾರ ನಾ ದಾಂಡೇಲಿ ದಾಟಿ ಕುಂಬಾರವಾಡಕ್ಕ ಹೊಂಟಿದ್ದೆರಿ."